ಗುಂಡ್ಲುಪೇಟೆ ‘ಬಂತು’ ಅನ್ನಬೇಕು

ನಮ್ಮಕ್ಕನ ಮದುವೆಗೆ ಛತ್ರ ಗಟ್ಟಿಯಾಗಬೇಕಾಗಿದ್ದ ಬೆಳಿಗ್ಗೆಯೇ ಗುಂಡ್ಲುಪೇಟೆಯ ಕಂಪ್ಯೂಟರು ತೆಂಗಿನಕಾಯಿ ನೀರು ಕುಡಿದು ಮಲಗಿಬಿಟ್ಟಿತು. ಈಗ ಇದನ್ನು ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ನಗಲಿ, ನಾನೂ ನಗುತ್ತೇನೆ. ಆ ಬೆಳಿಗ್ಗೆ ಮಾತ್ರ ಎದುರಿಗೆ ಸಿಕ್ಕಿದವರನ್ನು ಸಿಗಿದು ತೋರಣ ಕಟ್ಟುವಷ್ಟು ಸಿಟ್ಟು ಬಂದಿತ್ತು. ಸಿಟ್ಟು ನನಗೆ ಹೊಸದಲ್ಲ. ‘ಇವಳ ಕೋಪ ಮೂಗಿನ ತುದಿಲೇ ಕೂತಿರ್ತದೆ, ಸೀನಿದ್ರೆ ಬಿದ್ದೋಯ್ತದೆ’ ಎಂದು ಅವ್ವ ಹೇಳುತ್ತಿದ್ದಳು.

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಆಫೀಸುಗಳು ಬಂದವು, ಆಫೀಸಿನವರ ಹಿಂದೆಯೇ ಅವರ ಮನೆಯ ಮದುವೆಗಳೂ ಬಂದವು. ನಾನು ಕೆಲಸಕ್ಕಿದ್ದ ಛತ್ರಕ್ಕೆ ಎಲ್ಲಿಲ್ಲದ ಬೇಡಿಕೆ. ಛತ್ರದ ಸಾಹುಕಾರರಿಗೆ ಗುಂಡ್ಲುಪೇಟೆಯಲ್ಲಿ ಈರುಳ್ಳಿ ಮಂಡಿಯೂ ಇತ್ತು. ಬೆಳಿಗ್ಗೆ ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಛತ್ರದ ಮುಂದಿನ ಜಗಲಿಯಲ್ಲಿ ಕೂರುವುದು ಅವರ ಪದ್ಧತಿ. ಮಾತು ಕಡಿಮೆ. ಅವರ ಬದುಕಿನಲ್ಲಿ ಎರಡು ದೊಡ್ಡ ಅವಮಾನಗಳು ಆಗಿದ್ದವು, ಎರಡಕ್ಕೂ ಕಾರಣ ಈ ಛತ್ರದ ಬುಕಿಂಗು.

ಮೊದಲು ಚಾಮರಾಜನಗರದಲ್ಲೊಂದು ಪುಸ್ತಕ, ಗುಂಡ್ಲುಪೇಟೆ ಮಂಡಿಯಲ್ಲೊಂದು ಪುಸ್ತಕ ಇಟ್ಟಿದ್ದರಂತೆ. ಆ ಕಡೆಯ ಜನ ಅಲ್ಲಿ ಬರೆಸಲಿ, ಈ ಕಡೆಯವರು ಇಲ್ಲಿ ಬರೆಸಲಿ ಎಂದು. ಒಂದು ದಿನ ಬೆಳಿಗ್ಗೆ ಎರಡು ಲಾರಿಗಳಲ್ಲಿ ಎರಡು ದಿಬ್ಬಣಗಳು ಬಂದು ಇಳಿದವು. ಎರಡು ವಾಲಗ, ಇಬ್ಬರು ಮದುವಣಗಿತ್ತಿಯರು, ಧಾರೆ ಮಂಟಪ ಮಾತ್ರ ಒಂದು. ಒಂದು ಮದುವೆಯನ್ನು ಸಾಹುಕಾರರು ಛತ್ರದಲ್ಲಿ ಮಾಡಿಸಿ ಇನ್ನೊಂದನ್ನು ತಮ್ಮ ಸ್ವಂತ ಮನೆಯ ಪಡಸಾಲೆಯಲ್ಲಿ ಮಾಡಿಸಿದರು. ಊಟ ಎರಡೂ ಕಡೆ ಅರ್ಧಕ್ಕೆ ಮುಗಿಯಿತು.

ಆಮೇಲೆ ಎರಡು ಪುಸ್ತಕದ ಸಹವಾಸವೇ ಬೇಡವೆಂದು ಒಂದೇ ಪುಸ್ತಕ ಮಾಡಿದರು. ಅದನ್ನು ಗೆದ್ದಲು ತಿಂದಿತು. ಆ ವರ್ಷದ ವೈಶಾಖವಿಡೀ ಸಾಹುಕಾರರು ನಸುಕಿಗೆ ಎದ್ದು ಬಾಗಿಲಲ್ಲಿ ನಿಂತು ಇವತ್ತು ಯಾರ ಮದುವೆ ಬರುತ್ತದೋ ಎಂದು ರಸ್ತೆ ನೋಡುತ್ತಿದ್ದರಂತೆ.

ಇದನ್ನೆಲ್ಲ ಕೇಳಿದ ಅವರ ಸೋದರಳಿಯ, ಮೈಸೂರಿನಲ್ಲಿ ಕಂಪ್ಯೂಟರು ಓದಿ ಅಲ್ಲೇ ಅಂಗಡಿ ಇಟ್ಟಿದ್ದವರು, ಒಂದು ಉಪಾಯ ಮಾಡಿದರು. ಛತ್ರದ ಆಫೀಸಿನಲ್ಲೊಂದು, ಮಂಡಿಯಲ್ಲೊಂದು ಕಂಪ್ಯೂಟರು ಇಟ್ಟು ಎರಡನ್ನೂ ಟೆಲಿಫೋನ್ ತಂತಿಯಿಂದ ಮಾತಾಡಿಸಿದರು. ಬರೆಯುವುದು ಒಂದೇ ಕಡೆ, ಉಳಿಯುವುದು ಎರಡು ಕಡೆ. ಚಾಮರಾಜನಗರದಲ್ಲಿ ನಾನು ದಿನ, ಹೆಸರು, ಊರು ಟೈಪು ಮಾಡಿ ಗುಂಡಿ ಒತ್ತಬೇಕು. ಮೋಡೆಮ್ ಎಂಬ ಡಬ್ಬಿ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಅರಚಿಕೊಂಡು ಗುಂಡ್ಲುಪೇಟೆಗೆ ಫೋನು ಮಾಡುತ್ತದೆ. ಅಲ್ಲಿಯ ಕಂಪ್ಯೂಟರು ನಾನು ಬರೆದದ್ದನ್ನು ಅಕ್ಷರ ಬಿಡದೆ ತಾನೂ ಬರೆದುಕೊಂಡು ‘ಬಂತು’ ಎಂದು ವಾಪಸು ಹೇಳುತ್ತದೆ. ಅದು ‘ಬಂತು’ ಎಂದ ಮೇಲೆಯೇ ನನ್ನ ಪಕ್ಕದ ಪ್ರಿಂಟರು ಕರಕರ ಎಂದು ರಸೀದಿ ಉಗುಳುವುದು. ಅಲ್ಲಿಯವರೆಗೆ ದಿನ ಕೊಟ್ಟ ಹಾಗೂ ಅಲ್ಲ, ಕೊಡದ ಹಾಗೂ ಅಲ್ಲ. ಒಂದು ಮುಗಿಯದೆ ಇನ್ನೊಂದನ್ನು ಬರೆಯುವ ಹಾಗೂ ಇಲ್ಲ. ಸಾಹುಕಾರರಿಗೆ ಈ ಏರ್ಪಾಡು ಎಷ್ಟು ಹಿಡಿಸಿತೆಂದರೆ, ಯಾರು ಬಂದು ದಿನ ಕೇಳಿದರೂ ‘ಗುಂಡ್ಲುಪೇಟೆ ಬಂತು ಅನ್ನಬೇಕು’ ಎಂದೇ ಅವರು ಉತ್ತರ ಕೊಡುತ್ತಿದ್ದರು.

ಆ ತುದಿಯ ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವರು ಮಂಡಿಯ ಹಳೆಯ ಗುಮಾಸ್ತರು. ಸಾಹುಕಾರರ ಕಡೆಯವರೇ, ಬಹಳ ಶಿವಭಕ್ತರು. ನಾನು ಅವರ ಮುಖ ನೋಡಿರಲಿಲ್ಲ, ದನಿ ಮಾತ್ರ ಗೊತ್ತು. ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರಿನ ಹತ್ತಿರ ಹೋಗುತ್ತಿದ್ದರಂತೆ, ದಿನಾ ಒಂದು ದಾಸವಾಳ ಇಡುತ್ತಿದ್ದರಂತೆ. ಅವರ ಕೆಲಸ ಬೆಳಿಗ್ಗೆ ಅದನ್ನು ಹಚ್ಚುವುದು, ಸಂಜೆ ಆರಿಸುವುದು, ಅಷ್ಟೇ. ಆದರೂ ಮನಸ್ಸು ತಡೆಯದೆ ಆಗಾಗ ಫೋನು ಮಾಡುತ್ತಿದ್ದರು.

‘ಈಗ್ಲೊಂದು ಬಂತು ಕಣವ್ವ. ಮೂಡ್ಲುಕಡೆಯೋರ್ದು. ಹೆಣ್ಣಿನೆಸ್ರು ಸೆಂದಾಗದೆ.’

‘ಅದು ತಾನಾಗೇ ಹೇಳ್ತದೆ ಸಾರ್, ನೀವು ಹೇಳ್ಬೇಕಾಗಿಲ್ಲ.’

‘ಅದು ಯೋಳ್ತದೆ ಕಣ, ಆದ್ರೂ ಮನುಸ್ರು ಒಂದು ಮಾತು ಯೋಳ್ದಂಗಾಯ್ತದಾ?’

ನಮ್ಮಪ್ಪನಾಗಿದ್ದರೆ ಅಂಥವರನ್ನು ‘ಬುದ್ದೀ’ ಎಂದು ಕರೆಯುತ್ತಿದ್ದ. ನಾನು ‘ಸಾರ್’ ಎನ್ನುತ್ತಿದ್ದೆ. ಅವರು ನನ್ನನ್ನು ‘ಅವ್ವ’ ಎನ್ನುತ್ತಿದ್ದರು. ನನ್ನ ಊರು ಉಡಿಗಾಲ ಎಂದು ಗೊತ್ತಿತ್ತು, ಯಾವ ಬೀದಿ ಎಂದು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ಬೀದಿಯ ವಿಷಯ ಹೇಳಲೇಬೇಕು. ನಮ್ಮ ಬೀದಿ ಊರಿನ ಕೊನೆಯದು, ಅಲ್ಲಿಂದಾಚೆ ಹೊಲ. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುವವರು. ಕೂಲಿ ಇಲ್ಲದ ದಿನಗಳಲ್ಲಿ ಅವ್ವ ಇದೇ ಛತ್ರದ ಹಿತ್ತಲಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದಳು. ಚಿಕ್ಕವರಿದ್ದಾಗ ಅಕ್ಕ, ನಾನು ಅವಳ ಜೊತೆ ಬಂದು ಹಿಂದಿನ ಗೇಟಿನ ಹತ್ತಿರ ಕೂತಿರುತ್ತಿದ್ದೆವು. ಎಲ್ಲರ ಊಟ ಮುಗಿದ ಮೇಲೆ ಅನ್ನ ಬರುತ್ತಿತ್ತು, ಸಾರು ಬರುತ್ತಿತ್ತು, ಕೆಲವು ಸಲ ಪಲ್ಯವೂ ಬರುತ್ತಿತ್ತು. ಪಾಯಸ ಮಾತ್ರ ನಮ್ಮವರೆಗೆ ಬರುತ್ತಿರಲಿಲ್ಲ, ಒಳಗೇ ಮುಗಿಯುತ್ತಿತ್ತು. ಪಾಯಸದ ಕೊಳದಪ್ಪಲೆ ಬರುತ್ತಿತ್ತು, ತೊಳೆಯಲಿಕ್ಕೆ.

ನಮ್ಮ ಬೀದಿಯವರ ಮದುವೆ ಆ ಛತ್ರದಲ್ಲಿ ಒಂದೂ ಆಗಿರಲಿಲ್ಲ. ಕೊಡುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಚಿಕ್ಕಪ್ಪ ಒಂದು ಸಲ ಹೋಗಿ ಕೇಳಿದ್ದ. ಆಗ ಇದ್ದ ಮೇನೇಜರು ಪುಸ್ತಕ ತೆರೆಯದೆಯೇ, ಆ ದಿನ ಗುಂಡ್ಲುಪೇಟೆ ಕಡೆಯವರು ಹಿಡಿದಿದ್ದಾರೆ ಎಂದರಂತೆ. ಇನ್ನೊಂದು ದಿನ ಕೇಳಿದ. ಅದನ್ನೂ ಹಿಡಿದಿದ್ದರು. ಹಿಡಿದಿದ್ದ ಎರಡೂ ದಿನ ಛತ್ರಕ್ಕೆ ಬೀಗ ಬಿದ್ದಿತ್ತು. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎಂದುಕೊಂಡು ಚಿಕ್ಕಪ್ಪ ಬೀದಿಯಲ್ಲೇ ಚಪ್ಪರ ಹಾಕಿ ಮದುವೆಯಾದ.

ನನಗೆ ಅಲ್ಲಿ ಕೆಲಸ ಸಿಕ್ಕಿದ್ದು ಸೋದರಳಿಯನವರಿಂದ. ಕಂಪ್ಯೂಟರು ಕಲಿತವರು ಆಗ ಊರಿನಲ್ಲಿ ಬೆರಳೆಣಿಕೆಯಷ್ಟು, ಅವರು ಪರೀಕ್ಷೆ ಮಾಡಿ ನನ್ನನ್ನು ತೆಗೆದುಕೊಂಡರು. ನಾನು ಕಲಿಯಲೆಂದು ಅಕ್ಕ ಸ್ಕೂಲು ಬಿಟ್ಟು ಅರಿಸಿನದ ಹೊಲದಲ್ಲಿ ಕಳೆ ಕೀಳಲು ಹೋಗಿದ್ದಳು. ಅವಳು ಯಾವತ್ತೂ ಏನೂ ಕೇಳಿದವಳಲ್ಲ. ಭೀಮನಬೀಡಿನ ಗಂಡು ಒಪ್ಪಿಗೆಯಾದಾಗ ಮಾತ್ರ ಒಂದು ಕೇಳಿದಳು.

‘ನೀನು ಕೂತಿರ್ತಿಯಲ್ಲ, ಆ ಛತ್ರದಲ್ಲೇ ನನ್ನ ಮದ್ವೆ ಆಗ್ಬೇಕು ಕಣಮ್ಮಿ. ಮುಂದ್ಲು ಬಾಗ್ಲಿಂದ ಒಳಿಕ್ಕೋಗ್ಬೇಕು.’

ಗಂಡಿನ ಕಡೆಯವರು ದಿನ ನೋಡಿಸಿ ಹೇಳಿ ಕಳಿಸಿದ್ದು ಆಯುಧಪೂಜೆಯ ಹಿಂದಿನ ದಿನ. ಕಾರ್ತಿಕದ ಒಂದೇ ಒಂದು ಲಗ್ನ. ವಿಜಯದಶಮಿ ಸಂಜೆ ನಿಮ್ಮನೆಗೆ ವೀಳ್ಯಶಾಸ್ತ್ರಕ್ಕೆ ಬರುತ್ತೇವೆ, ಛತ್ರ ಸಿಕ್ಕಿದ್ದರೆ ಛತ್ರ, ಇಲ್ಲದಿದ್ದರೆ ಭೀಮನಬೀಡಿನಲ್ಲಿ ನಮ್ಮನೆ ಮುಂದೆ ಚಪ್ಪರ, ವೀಳ್ಯದ ಹೊತ್ತಿಗೆ ಒಂದು ಮಾತು ಹೇಳಿಬಿಡಿ ಎಂದಿದ್ದರು. ವೀಳ್ಯದಲ್ಲಿ ಹಿರಿಯರ ಮುಂದೆ ಆಡಿದ ಮಾತನ್ನು ಆಮೇಲೆ ಬದಲಾಯಿಸುವ ಹಾಗಿಲ್ಲ.

ನಾನು ಸಾಹುಕಾರರನ್ನು ನೇರವಾಗಿಯೇ ಕೇಳಿದೆ. ‘ನಮ್ಮಕ್ಕನ ಮದ್ವೆಗೆ ಛತ್ರ ಬೇಕು ಸಾವ್ಕಾರ್ರೆ. ಆ ದಿನ ಖಾಲಿ ಅದೆ.’

ಅವರು ನನ್ನನ್ನೊಮ್ಮೆ, ರಸ್ತೆಯನ್ನೊಮ್ಮೆ ನೋಡಿದರು. ಆಮೇಲೆ ಹೇಳಿದರು: ‘ರೂಲು ಎಲ್ರಿಗೂ ಒಂದೇ ಕಣಮ್ಮಿ. ಮುಂದ್ಲು ಲಗ್ನಗಳ್ಗೆ ದಸಮಿ ದಿನ ಬುಕಿಂಗ್ ಸುರು. ಸಾಲ್ನಲ್ಲಿ ಬರ್ಲಿ, ದಿನ ಖಾಲಿ ಇದ್ರೆ ಬರಿ. ಗುಂಡ್ಲುಪೇಟೆ ಬಂತು ಅನ್ನಬೇಕು, ಅಷ್ಟೆಯ.’

ಇದು ಹೂಂ ಎಂದದ್ದೋ, ಊಹೂಂ ಎಂದದ್ದೋ ನನಗೆ ತಿಳಿಯಲಿಲ್ಲ. ಗುಂಡ್ಲುಪೇಟೆಯ ಹೆಸರು ಹೇಳಿ ನಮ್ಮ ಚಿಕ್ಕಪ್ಪನನ್ನು ಕಳಿಸಿದ್ದ ಜಗಲಿಯಲ್ಲವೇ ಅದು. ಆದರೂ ಈಗ ಗುಂಡ್ಲುಪೇಟೆಯಲ್ಲಿರುವುದು ಮಿಷನ್ನು, ಅದಕ್ಕೆ ಬೀದಿ ಗೀದಿ ಗೊತ್ತಿಲ್ಲ ಎಂದು ಧೈರ್ಯ ತಂದುಕೊಂಡೆ.

ವಿಜಯದಶಮಿ ಬೆಳಿಗ್ಗೆ ಅಕ್ಕ ಮತ್ತು ಅಪ್ಪ ಮೊದಲನೇ ಬಸ್ಸಿಗೇ ಬಂದಿದ್ದರು. ಅಕ್ಕ ತಲೆ ತುಂಬ ಕಾಕಡ ಮುಡಿದಿದ್ದಳು. ಅಪ್ಪ ಬೆಂಚಿನ ಮೇಲೆ ಕೂರಲಿಲ್ಲ, ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡು ನಿಂತ. ಅವರ ಹಿಂದೆ ಪೇಟೆಯ ಒಬ್ಬರು ಬಟ್ಟೆ ವ್ಯಾಪಾರಿ, ಅವರ ಹಿಂದೆ ಬೀದಿಯವರೆಗೂ ಜನ. ಹಿಂದಿನ ದಿನ ನಾನೂ ನನ್ನ ಕಂಪ್ಯೂಟರಿಗೆ ಪೂಜೆ ಮಾಡಿದ್ದೆ. ಆದರೆ ದಶಮಿ ಬೆಳಿಗ್ಗೆ ಬುಕಿಂಗ್ ಇರುವುದರಿಂದ ಸೂರ್ಯ ಹುಟ್ಟುವ ಮೊದಲೇ ಹೂವು ತೆಗೆದು ಪೂಜೆ ಕದಲಿಸಿಯೂ ಆಗಿತ್ತು. ಅಕ್ಕನ ಹೆಸರು ಟೈಪು ಮಾಡಿದೆ, ಒಂದು ಸಲ ಓದಿ ನೋಡಿದೆ. ಗುಂಡಿ ಒತ್ತಿದೆ.

ಡಬ್ಬಿ ಅರಚಿತು. ಆ ಕಡೆ ಗಂಟೆ ಹೊಡೆಯಿತು. ಯಾರೂ ಎತ್ತಲಿಲ್ಲ. ಪರದೆಯ ಮೇಲೆ ‘ವೇಟಿಂಗ್’ ಎಂಬ ಅಕ್ಷರ ಮಿಣಮಿಣ ಎನ್ನತೊಡಗಿತು. ಡಬ್ಬಿ ತಾನಾಗಿಯೇ ಮತ್ತೆ ಫೋನು ಮಾಡಿತು, ಮತ್ತೆ ಅರಚಿತು, ಮತ್ತೆ ವೇಟಿಂಗ್. ಪ್ರಿಂಟರು ಕಲ್ಲಿನ ಹಾಗೆ ಕೂತಿತ್ತು. ಸಾಲಿನಲ್ಲಿ ಗುಸುಗುಸು ಎದ್ದಿತು.

‘ಏನಾಯ್ತಮ್ಮ?’ ಎಂದರು ಬಟ್ಟೆ ವ್ಯಾಪಾರಿ, ಕಿಟಕಿಯೊಳಗೆ ತಲೆ ತೂರಿಸಿ. ‘ಇವ್ರದ್ದು ಯಾವ ದಿನ?’

ಹೇಳಿದೆ. ಅವರಿಗೂ ಅದೇ ದಿನ ಬೇಕಾಗಿತ್ತು. ಆಗಬೇಕಾದದ್ದೇ, ಕಾರ್ತಿಕದಲ್ಲಿ ಅಂಥ ಲಗ್ನ ಇನ್ನೊಂದಿರಲಿಲ್ಲ.

‘ರಸೀದಿ ಬಂದಿಲ್ಲ ಅಂದ್ರೆ ದಿನ ಖಾಲಿ ಅಂತಾನೇ ಲೆಕ್ಕ. ಅವ್ರದ್ದು ತೆಗ್ದು ನಮ್ಮದು ಬರ್ಕೊಳಮ್ಮ. ಗುಂಡ್ಲುಪೇಟೆ ಸರಿಯಾದ್ಮೇಲೆ ಅವ್ರು ಬೇರೆ ದಿನ ನೋಡ್ಕೋತಾರೆ.’

ಅಪ್ಪ ತಕ್ಷಣ, ‘ಬುಡವ್ವ, ನಮ್ಗ್ಯಾಕೆ. ಬೀಗ್ರ ಮನೆ ಮುಂದೇನೆ ಮಾಡ್ಬುಡನ’ ಎಂದ. ಅಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ನನಗೆ ಆ ವ್ಯಾಪಾರಿಗಿಂತ ಅಪ್ಪನ ಮೇಲೆಯೇ ಹೆಚ್ಚು ಉರಿಯಿತು.

‘ಅವ್ರದ್ದು ಅರ್ಧ ಬರ್ದದೆ ಸ್ವಾಮಿ. ಗುಂಡ್ಲುಪೇಟೆ ಬಂತು ಅನ್ನೋವರ್ಗೂ ಕೊಡಕ್ಕೂ ಆಗಲ್ಲ, ತೆಗೆಯಕ್ಕೂ ಆಗಲ್ಲ. ನಿಮ್ಮದು ಬರೆಯಕ್ಕೆ ಅದು ಮುಗೀಬೇಕು. ಬಿಸಿಲು ಅನ್ಸಿದ್ರೆ ಒಳಗೆ ಕೂತ್ಕಳಿ’ ಎಂದೆ. ಮಾತು ನಯವಾಗಿಯೇ ಇತ್ತು, ದನಿ ಇರಲಿಲ್ಲ.

ಡಬ್ಬಿಯ ತಂತಿ ಕಿತ್ತು ನಾನೇ ಫೋನು ತಿರುಗಿಸಿದೆ. ಗಂಟೆ ಹೊಡೆದು ಹೊಡೆದು ನಿಂತಿತು. ಮತ್ತೆ ತಿರುಗಿಸಿದೆ. ಕೊನೆಗೂ ಗುಮಾಸ್ತರು ಎತ್ತಿದರು.

‘ಎಲ್ಲೋಗಿದ್ರಿ ಸಾರ್?’

‘ಇಲ್ಲೇ ಇವ್ನಿ ಕಣವ್ವ. ಪೋನೂ ಪೂಜೆಗೆ ಕೂತದಲ್ಲ, ಮುಟ್ಬೋದಾ ಬ್ಯಾಡ್ವಾ ಅಂತ ಯೋಚ್ನೆ ಮಾಡ್ತಿದ್ದಿ. ಇಂಗೆ ಬಡ್ಕತಾ ಇದ್ರೆ ದೇವ್ರೂ ಮುಟ್ಟು ಅಂತಾನೆ ಅಂತ ತಗ್ದಿ.’

‘ಕಂಪ್ಯೂಟರ್ ಯಾಕೆ ಆನ್ ಮಾಡಿಲ್ಲ?’

ಆ ಕಡೆ ಸ್ವಲ್ಪ ಕೆಮ್ಮು ಕೇಳಿಸಿತು. ಆಮೇಲೆ ವಿಷಯ ಹೊರಬಂತು. ಹಿಂದಿನ ದಿನ ಆಯುಧಪೂಜೆಯಲ್ಲಿ ತಕ್ಕಡಿಗೆ, ತೂಕದ ಬಟ್ಟುಗಳಿಗೆ ಪೂಜೆ ಮಾಡಿದ ಮೇಲೆ ಕಂಪ್ಯೂಟರಿಗೆ ಎರಡು ಬಾಳೆಕಂದು ಕಟ್ಟಿದ್ದರು. ವಿಭೂತಿ ಬಳಿದಿದ್ದರು. ಅದರ ಮುಂದೆ ಕಾಯಿ ಒಡೆದು, ಕಾಯಿನೀರನ್ನು ಹೂವಿನಿಂದ ಸುತ್ತ ಪ್ರೋಕ್ಷಣೆ ಮಾಡಿದ್ದರು. ಕಂಪ್ಯೂಟರಿನ ನೆತ್ತಿಯ ಮೇಲೆ ಗಾಳಿಯಾಡಲೆಂದು ಇರುವ ಕಿಂಡಿಗಳನ್ನು ಕಂಡು, ಉಳಿದ ನೀರನ್ನು ಅಲ್ಲಿಂದ ಒಳಗೂ ಬಿಟ್ಟಿದ್ದರು.

‘ಒಳಗಿರೋ ದೇವ್ರಿಗೂ ಸೇರ್ಲಿ ಅಂತ ಕಣವ್ವ. ವಸೀನೆಯ. ಬೆಳಿಗ್ಗೆ ಬುಕಿಂಗ್ ಅದಲ್ಲ ಅಂತ ಅದೊಂದ್ನ ಮಾತ್ರ ಕದಲ್ಸಿ ಸ್ವಿಚ್ ಆಕ್ದಿ, ಟಪ್ ಅಂತು. ವಾಸ್ನೆ ಬಂತು. ಇನ್ನೇನೂ ಬರ್ನಿಲ್ಲ.’

ನಾನು ಫೋನಿಟ್ಟು ತಲೆ ಹಿಡಿದು ಕೂತೆ. ಆಮೇಲೆ ಮೈಸೂರಿಗೆ ಫೋನು ಮಾಡಿ ಸೋದರಳಿಯನವರಿಗೆ ಹೇಳಿದೆ. ಅವರು ಮೊದಲು ಒಂದಷ್ಟು ಹೊತ್ತು ನಕ್ಕರು. ನಾನು ನಗಲಿಲ್ಲವೆಂದು ತಿಳಿದ ಮೇಲೆ ದಾರಿಗೆ ಬಂದರು.

‘ಅಲ್ಲಿಯದು ರಿಪೇರಿ ಆಗೋವರೆಗೂ ಕಾದರೆ ಈ ಕಾರ್ತಿಕ ಮುಗಿದೇ ಹೋಗುತ್ತಮ್ಮ. ಸುಲಭ ಅಂದರೆ, ನಿನ್ನ ಕಂಪ್ಯೂಟರಿಗೆ ಯಾರಿಗೆ ಕಾಯಬೇಕು ಅಂತ ಒಂದು ಸಾಲು ಬರೆದಿದೆ. ಅದರಿಂದ ಗುಂಡ್ಲುಪೇಟೆ ಹೆಸರು ಅಳಿಸಿಬಿಡು. ಯಾರಿಗೂ ಕಾಯದೆ ರಸೀದಿ ಕೊಡುತ್ತೆ. ಆದರೆ ನೆನಪಿರಲಿ, ಆಗ ಇರೋದೆಲ್ಲ ನಿನ್ನ ಹತ್ತಿರ ಮಾತ್ರ. ನಿಂದೂ ಕೆಟ್ಟರೆ ದೇವರೇ ಗತಿ. ಮಾವನ್ನ ಕೇಳಿ ಮಾಡು.’

ಜಗಲಿಗೆ ಹೋಗಿ ಕೇಳಿದೆ. ಸಾಹುಕಾರರು ನಾನು ಮಾತು ಮುಗಿಸುವುದಕ್ಕೂ ಬಿಡಲಿಲ್ಲ.

‘ಬ್ಯಾಡ. ಒಂದೇ ಕಡೆ ಇದ್ದುದ್ದ ಗೆದ್ಲು ತಿಂದಿದ್ದು ಮರ್ತೋಯ್ತಾ? ಒಕ್ಕಣ್ಣೋನಿಗೆ ಕಣ್ಣುನೋವು ಬಂದಂಗಾಯ್ತದೆ. ಇನ್ನೊಂದು ಕಡೆ ಇರ್ಲೇಬೇಕು. ನಾಳಿಕ್ಕೆ ಬರಕ್ಕೇಳು ಎಲ್ರಿಗೂವೆ.’

‘ನಾಳೆ’ ಎಂಬುದು ಸಾಲಿನಲ್ಲಿದ್ದ ಉಳಿದವರಿಗೆಲ್ಲ ನಾಳೆಯೇ. ಅಕ್ಕನಿಗೆ ಮಾತ್ರ ಅದು ಎಂದೂ ಇಲ್ಲ ಎಂದರ್ಥ, ಸಂಜೆಗೆ ವೀಳ್ಯ. ಅವಳ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಅಳು ಬಂದಂತಾಯಿತು, ಅದು ಸಿಟ್ಟಾಗಿಯೇ ಹೊರಗೆ ಬಂತು.

‘ಮಿಷನ್ನು ಸತ್ತದೆ ಸಾವ್ಕಾರ್ರೆ, ಗುಮಾಸ್ತ್ರು ಸತ್ತಿಲ್ವಲ್ಲ’ ಎಂದೆ. ‘ಇನ್ನೊಂದು ಕಡೆ ಇರ್ಬೇಕು ತಾನೆ? ನಾನು ಫೋನಲ್ಲಿ ಓದ್ತೀನಿ, ಅವ್ರು ಕೈಲಿ ಬರ್ಕೊಂಡು ಬಂತು ಅನ್ಲಿ. ಮಿಷನ್ನು ಅಂದ್ರೂ ಬಂತೇಯ, ಮನುಷ್ಯ ಅಂದ್ರೂ ಬಂತೇಯ. ಇಬ್ರಲ್ಲಿ ಒಬ್ರು ಅಂದ್ರೆ ಸಾಲ್ದಾ?’

ಸಾಹುಕಾರರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಬಹಳ ಹೊತ್ತು ಯೋಚಿಸಿದರು.

‘ಸಾಕು’ ಎಂದರು ಕಡೆಗೆ. ‘ಆದ್ರೆ ಅವ್ನು ಬಂತು ಅನ್ನದ್ನ ನಾನು ಕಿವಿಯಾರ ಕೇಳ್ಬೇಕು. ನಾನು ಕೇಳಿದ್ಮೇಲೇನೆ ರಸೀದಿ.’

ಎದ್ದು ಒಳಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ಸೋದರಳಿಯನವರು ಹೇಳಿದ ಹಾಗೆ ಕಾಯುವ ಸಾಲಿನಿಂದ ಗುಂಡ್ಲುಪೇಟೆಯನ್ನು ಅಳಿಸಿದೆ, ಮತ್ತೆ ಮಂಡಿಗೆ ಫೋನು ತಿರುಗಿಸಿದೆ. ಗುಮಾಸ್ತರಿಗೆ ವಿಷಯ ಹೇಳಿದರೆ ಅಲ್ಲಿ ಹೊಸ ತಾಪತ್ರಯ.

‘ಬರ್ಕಳದು ಯಾವುದ್ರಲ್ಲವ್ವ? ಲೆಕ್ಕದ ಪುಸ್ತ್ಕ, ಪೆನ್ನು, ಪೆನ್ಸಲ್ಲು ಎಲ್ಲಾನೂ ಅಮ್ಮನೋರ ಮುಂದೆ ಇಕ್ಕಿವ್ನಿ. ಮದ್ಯಾನ ಕದಲ್ಸೋಗಂಟ ಮುಟ್ಟಂಗಿಲ್ಲ.’

ಸಾಹುಕಾರರು ಫೋನು ಕಿತ್ತುಕೊಂಡು ಬೈಯುತ್ತಾರೆ ಎಂದುಕೊಂಡೆ. ಅವರು ಹೌದೆಂಬಂತೆ ತಲೆಯಾಡಿಸಿದರು, ಪೂಜೆಗಿಟ್ಟದ್ದನ್ನು ಕದಲಿಸದೆ ಮುಟ್ಟಬಾರದು ಎಂಬುದು ಅವರಿಗೂ ಸರಿಯೇ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ನಾನೊಂದು ಕಡೆ, ಇವರಿಬ್ಬರೂ ಇನ್ನೊಂದು ಕಡೆ.

‘ಪೂಜೆಗಿಡದೆ ಇರೋದು ಆ ಮಂಡಿಯಲ್ಲಿ ಏನೂ ಇಲ್ವಾ ಸಾರ್?’ ಎಂದೆ ಹಲ್ಲು ಕಚ್ಚಿ.

ಗುಮಾಸ್ತರು ಯೋಚಿಸಿದರು. ಈರುಳ್ಳಿ ಚೀಲಗಳ ಮೇಲೆ ಮಂಡಿಯ ಗುರುತು ಬರೆಯುವ ಕಪ್ಪು ಬಣ್ಣದ ಡಬ್ಬಿ, ಅದರ ಕುಂಚ ಹಮಾಲಿಗಳ ಕೋಣೆಯಲ್ಲಿ ಬಿದ್ದಿದ್ದವು. ಅವಕ್ಕೆ ಪೂಜೆ ಮಾಡುವುದು ಮರೆತೇ ಹೋಗಿತ್ತು. ಪುಣ್ಯ ಬರಲಿ ಆ ಮರೆವಿಗೆ. ಒಂದು ಖಾಲಿ ಗೋಣಿಚೀಲವನ್ನು ನೆಲದ ಮೇಲೆ ಹರವಿ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ‘ಯೋಳವ್ವ’ ಎಂದರು.

ಬಟ್ಟೆ ವ್ಯಾಪಾರಿ ಇದೇ ಸಮಯ ನೋಡಿ ಸಾಹುಕಾರರ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಸಾಹುಕಾರರು ಅವರನ್ನು ನೋಡದೆ ನನ್ನನ್ನೇ ಕೇಳಿದರು: ‘ಸಾಲ್ನಲ್ಲಿ ಮೊದ್ಲು ಯಾರು?’

‘ಉಡಿಗಾಲದೋರು.’

‘ಓದು.’

ಓದಿದೆ. ದಿನ. ಗಂಡಿನ ಹೆಸರು, ಭೀಮನಬೀಡು. ಹೆಣ್ಣಿನ ಹೆಸರು. ಹೆಣ್ಣಿನ ತಂದೆಯ ಹೆಸರು. ಊರು ಉಡಿಗಾಲ. ಆಮೇಲೆ ಒಂದು ಖಾನೆ ಉಳಿಯಿತು, ಬೀದಿ.

ಅದನ್ನು ಓದದೆ ಬಿಡಬಹುದಾಗಿತ್ತು. ಗೋಣಿಚೀಲದ ಮೇಲೆ ಬೀದಿಯ ಹೆಸರು ಇಲ್ಲದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಗೋಡೆ ಪಕ್ಕ ನಿಂತಿದ್ದ ಅಪ್ಪ ನನ್ನನ್ನೇ ನೋಡುತ್ತ, ಬೇಡ ಎಂಬಂತೆ ಸಣ್ಣಗೆ ತಲೆಯಾಡಿಸಿದ. ಆದರೆ ಅಕ್ಷರ ಬಿಡದೆ ಬರೆದುಕೊಂಡರೇ ಅದು ನಕಲು. ಇಲ್ಲಿರುವುದು ಅಲ್ಲಿ ಇಲ್ಲ ಎಂದರೆ ಅದೆಂಥ ನಕಲು? ನಾಳೆ ನನ್ನ ಕಂಪ್ಯೂಟರು ಸುಟ್ಟುಹೋದರೆ, ಉಳಿಯುವ ಚೀಲದಲ್ಲಿ ನಾವು ಯಾರೋ ಆಗಿ ಉಳಿಯಬೇಕೇ? ನಾನು ನಮ್ಮ ಬೀದಿಯ ಹೆಸರನ್ನು ಬಿಡಿಸಿ, ಗಟ್ಟಿಯಾಗಿ ಓದಿದೆ.

ಆ ಕಡೆ ಸದ್ದಿಲ್ಲ.

ನಾನು ಫೋನನ್ನು ಸಾಹುಕಾರರ ಕಿವಿಗೂ ನನ್ನ ಕಿವಿಗೂ ನಡುವೆ ಹಿಡಿದಿದ್ದೆ. ಇಬ್ಬರಿಗೂ ಮಂಡಿಯ ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತಿರುವ ಶಬ್ದ ಕೇಳಿಸಿತು, ಕ್ಲೀನರು ‘ಬರ್ಲಿ, ಬರ್ಲಿ’ ಎನ್ನುವುದು ಕೇಳಿಸಿತು. ಗುಮಾಸ್ತರದ್ದು ಉಸಿರೂ ಇಲ್ಲ. ಸಾಹುಕಾರರ ಮುಖ ನೋಡಿದೆ, ಅದರಲ್ಲೂ ಏನೂ ಇರಲಿಲ್ಲ. ಚಿಕ್ಕಪ್ಪನಿಗೆ ಹೀಗೇ ಆಗಿರಬೇಕು ಎಂದುಕೊಂಡೆ. ಸಾಲು ನಿಂತು, ಸರದಿ ಬಂದು, ಎದುರಿಗಿದ್ದವರು ಸುಮ್ಮನಾಗಿಬಿಡುವುದು.

‘ಇರವ್ವ’ ಎಂದಿತು ಗುಮಾಸ್ತರ ದನಿ. ‘ಕುಂಚ ಒಣ್ಗೋಗಿತ್ತು. ಬೀದಿ ಇನ್ನೊಂದ್ಸಾರಿ ಯೋಳು.’

ಇನ್ನೊಂದು ಸಲ ಹೇಳಿದೆ.

‘ಬಂತು ಕಣವ್ವ. ಮುಂದ್ಲುದು ಯೋಳು.’

ಸಾಹುಕಾರರು ನನ್ನ ಕಡೆ ತಲೆಯಾಡಿಸಿದರು. ಗುಂಡಿ ಒತ್ತಿದೆ, ಪ್ರಿಂಟರು ಕರಕರ ಎಂದು ರಸೀದಿ ಉಗುಳಿತು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಓದಲು ಬರದಿದ್ದರೂ ಮೇಲಿಂದ ಕೆಳಗಿನವರೆಗೆ ನೋಡಿದ. ಅಕ್ಕ ನಕ್ಕಳು, ಆಮೇಲೆ ಅತ್ತಳು, ಕಾಕಡದ ದಂಡೆ ಕಿತ್ತು ಅರ್ಧ ನನಗೆ ಕೊಟ್ಟಳು. ಬಟ್ಟೆ ವ್ಯಾಪಾರಿ ಗೊಣಗಿಕೊಂಡೇ ಮಾರ್ಗಶಿರದ ಒಂದು ದಿನ ಬರೆಸಿದರು. ಅದಕ್ಕೂ ಗುಂಡ್ಲುಪೇಟೆ ‘ಬಂತು’ ಎಂದಿತು. ಸಾಹುಕಾರರು ಸ್ಟೂಲು ಬಿಟ್ಟು ಏಳಲಿಲ್ಲ, ಒಂದೊಂದನ್ನೂ ಕಿವಿಯಾರೆ ಕೇಳಿದರು. ನನ್ನ ಗಂಟಲು ಸಂಜೆಗೆ ಕಟ್ಟಿಹೋಯಿತು, ವೀಳ್ಯಶಾಸ್ತ್ರದಲ್ಲಿ ನಾನು ಮೂಗಿಯ ಹಾಗೆ ಕೂತಿದ್ದೆ. ನನ್ನ ಬಾಯಿ ಕಟ್ಟಿದ್ದು ಕಂಡು ಭಾವನ ಕಡೆಯವರು ಎಂಥ ಸಾಧು ಹುಡುಗಿ ಎಂದರಂತೆ.

ಮಂಡಿಯ ಕಂಪ್ಯೂಟರು ರಿಪೇರಿಗೆಂದು ಮೈಸೂರಿಗೆ ಹೋದದ್ದು ದೀಪಾವಳಿ ಕಳೆದರೂ ಬರಲಿಲ್ಲ. ಅಲ್ಲಿಯವರೆಗೆ ನಾವು ಫೋನು, ಕುಂಚದಲ್ಲೇ ನಡೆಸಿದೆವು. ದಶಮಿ ಮಧ್ಯಾಹ್ನ ಪೆನ್ನು ಕದಲಿಸಿದ ಮೇಲೂ ಗುಮಾಸ್ತರು ಕುಂಚ ಬಿಡಲಿಲ್ಲ, ಕೈ ಹಿಡಿದದ್ದನ್ನು ನಡುವೆ ಬಿಡಬಾರದಂತೆ. ಒಂದು ದಿನ ನನ್ನದೂ ಕರೆಂಟು ಏರುಪೇರಾಗಿ ನಿಂತುಹೋಯಿತು. ಸಾಹುಕಾರರು ಮೊದಲು ಕೇಳಿದ ಮಾತು, ‘ಚೀಲ ಇದ್ದದಲ್ಲ?’ ಇದೆ ಎಂದು ಗೊತ್ತಾದ ಮೇಲೆ ಹಾಯಾಗಿ ಕಾಫಿ ಕುಡಿದರು.

ಅಕ್ಕನ ಮದುವೆಯ ವಾರದಲ್ಲೇ ಮಂಡಿಯ ಕಂಪ್ಯೂಟರು ವಾಪಸು ಬಂತು. ಅದು ಮಲಗಿದ್ದಾಗ ಬರೆದದ್ದನ್ನೆಲ್ಲ ಮೊದಲು ಅದಕ್ಕೆ ಉಣ್ಣಿಸಬೇಕು, ಚೀಲದ ಜೊತೆ ತಾಳೆ ನೋಡಬೇಕು, ಆಮೇಲೇ ಮತ್ತೆ ಕಾಯುವ ಸಾಲಿಗೆ ಸೇರಿಸಬೇಕು ಎಂದು ಸೋದರಳಿಯನವರು ಹೇಳಿದ್ದರು. ಚೀಲ ಕಳಿಸಿ ಎಂದರೆ ಗುಮಾಸ್ತರು ಯಾರ ಕೈಯಲ್ಲೂ ಕೊಡಲಿಲ್ಲ. ಮದುವೆಯ ದಿನ ಬೆಳಿಗ್ಗೆ ತರಕಾರಿ ಲಾರಿ ಹತ್ತಿ ತಾವೇ ಬಂದರು.

ನಾನು ಮುಂದಿನ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತಿದ್ದೆ. ಸಣ್ಣಗೆ, ಕಪ್ಪಗೆ, ಹಣೆ ತುಂಬ ವಿಭೂತಿಯ ಒಬ್ಬರು ಕಂಕುಳಲ್ಲಿ ಮಡಿಸಿದ ಗೋಣಿಚೀಲದೊಂದಿಗೆ ಮೆಟ್ಟಿಲು ಹತ್ತಿದರು. ದನಿ ಕೇಳಿದ ತಕ್ಷಣ ಗೊತ್ತಾಯಿತು.

‘ಕಂಪ್ಯೂಟ್ರವ್ವ ನೀನೇಯಾ? ದನಿ ಕೇಳಿ ಇನ್ನೂ ದಪ್ಪ ಇದ್ದೀಯ ಅನ್ಕಂಡಿದ್ದಿ.’

ಚೀಲ ಬಿಡಿಸಿದರು. ಮೊದಲನೇ ಸಾಲು ನಮ್ಮಕ್ಕನದು. ಹೆಸರುಗಳು, ಊರು, ಬೀದಿ, ಎಲ್ಲವೂ ಹೆಬ್ಬೆರಳ ದಪ್ಪದ ಕಪ್ಪು ಅಕ್ಷರಗಳಲ್ಲಿ. ಒಂದು ಕೊಂಬೂ ಬಿಟ್ಟಿರಲಿಲ್ಲ. ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

‘ಆವತ್ತು ಕುಂಚ ನಿಜವಾಗ್ಲೂ ಒಣಗಿತ್ತಾ ಸಾರ್?’

ಅವರು ಚೀಲ ಮಡಿಸಿ ಮತ್ತೆ ಕಂಕುಳಲ್ಲಿ ಇಟ್ಟುಕೊಂಡರು. ‘ಕುಂಚ ಒಣ್ಗಿದ್ದು ದಿಟ ಕಣವ್ವ’ ಎಂದರು. ‘ನಾನು ವಸಿ ಯೋಚ್ನೆ ಮಾಡ್ದಿ. ಅದೂ ದಿಟ.’

ನನಗೆ ಸಿಟ್ಟು ಬರಬೇಕಾಗಿತ್ತು, ಬಂತು ಕೂಡ. ಯೋಚನೆ ಮಾಡುವುದಕ್ಕೇನಿತ್ತು? ಆದರೆ ಸುಳ್ಳು ಹೇಳಿ ಮುಗಿಸಬಹುದಾಗಿದ್ದ ಕಡೆ ಅವರು ಹೇಳಲಿಲ್ಲ. ಪನ್ನೀರು ಎರಚಿ, ‘ಊಟಕ್ಕೆ ಹೋಗಿ ಸಾರ್, ಮೊದಲನೇ ಪಂಕ್ತಿ ಕೂರ್ತಾ ಇದೆ’ ಎಂದೆ. ಹೋಗಿ ಕೂತರು. ಕೂತಿದ್ದಕ್ಕೆ ಅವರ ಕೊರಳಿಗೇನು ಪದಕ ಹಾಕಬೇಕಾಗಿರಲಿಲ್ಲ, ಕರೆದವರ ಮನೆಯಲ್ಲಿ ಉಣ್ಣುವುದು ದೊಡ್ಡ ಕೆಲಸವೇನಲ್ಲ. ಆದರೂ ನಾನು ಬಾಗಿಲಿಂದ ಒಂದು ಸಲ ಬಗ್ಗಿ ನೋಡಿದೆ ಎನ್ನುವುದೂ ದಿಟ.

ಧಾರೆ ಮುಗಿದಿತ್ತು. ಅವ್ವ ಎಲ್ಲೂ ಕಾಣಲಿಲ್ಲ. ಧಾರೆ ಮಂಟಪದ ಹತ್ತಿರ ಹುಡುಕಿದೆ, ಹೆಣ್ಣಿನ ಕೋಣೆಯಲ್ಲಿ ಹುಡುಕಿದೆ. ಬಾಸಿಂಗ ಕಟ್ಟಿಕೊಂಡಿದ್ದ ಅಕ್ಕನೇ ನನ್ನನ್ನು ನೋಡಿ, ‘ಇತ್ಲಲ್ಲಿ ನೋಡಮ್ಮಿ’ ಎಂದಳು. ಇಬ್ಬರೂ ಹೋದೆವು. ಅವ್ವ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿತ್ತಲ ಕಲ್ಲಿನ ಹತ್ತಿರ ಕೊಳದಪ್ಪಲೆಗಳ ಮುಂದೆ ಕೂತುಬಿಟ್ಟಿದ್ದಳು. ಪಾತ್ರೆ ತೊಳೆಯಲು ಬಂದಿದ್ದ ಹೆಂಗಸರು ಬೇಡ ಎನ್ನುತ್ತಿದ್ದರೂ ಕೇಳುತ್ತಿರಲಿಲ್ಲ.

‘ಒಳಗೆ ಕೂರಕ್ಕೆ ಏನೋ ಒಂಥರಾ ಆಯ್ತದೆ ಕಣ, ಇಲ್ಲೇ ಚೆಂದಾಗದೆ’ ಎಂದಳು.

ಅಕ್ಕ ಅವಳ ಒದ್ದೆ ಕೈ ಹಿಡಿದು ಎಬ್ಬಿಸಿದಳು. ಹಿತ್ತಲ ಬಾಗಿಲಿಂದ ಒಳಗೆ ಹೋದರೆ ಊಟದ ಮನೆ ನಾಲ್ಕೇ ಹೆಜ್ಜೆ. ಅಕ್ಕ ಹಾಗೆ ಹೋಗಲಿಲ್ಲ. ಬಾಸಿಂಗ ಕಟ್ಟಿಕೊಂಡೇ ಅವ್ವನನ್ನು ಎಳೆದುಕೊಂಡು ಛತ್ರವನ್ನು ಪೂರ್ತಿ ಸುತ್ತಿ, ಸಾಹುಕಾರರು ಕೂತಿದ್ದ ಜಗಲಿ ಹತ್ತಿ, ಮುಂದಿನ ಬಾಗಿಲಿಂದ ಒಳಗೆ ತಂದಳು. ಪಂಕ್ತಿಯಲ್ಲಿ ಗುಮಾಸ್ತರು ತಲೆಯೆತ್ತಿ ನೋಡಿದರು, ಸ್ವಲ್ಪ ಸರಿದು ಕೂತು, ‘ಇಲ್ಲೊಂದು ಎಲೆ ಆಕ್ರಪ್ಪ’ ಎಂದು ಬಡಿಸುವವರಿಗೆ ಹೇಳಿದರು. ಅವ್ವ ಕೂತಳು. ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು.

ಪಾಯಸದ ಬಕೆಟ್ಟು ಹಿಡಿದವನು ಸಾಲಿನ ಆ ತುದಿಯಿಂದ ಬಡಿಸುತ್ತ ಬಂದ. ಅವ್ವನ ಎಲೆಗೆ ಒಂದು ಸೌಟು ಹಾಕಿ ಮುಂದೆ ಹೋದವನು, ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಹಿಂತಿರುಗಿ ಕೇಳಿದ.

‘ಅವ್ವ, ಪಾಯಸ ಬಂತಾ?’

ಅವ್ವ ಎಲೆ ನೋಡಿಕೊಂಡಳು. ಆಮೇಲೆ, ಅಷ್ಟು ದೂರ ನಿಂತಿದ್ದ ನನಗೂ ಕೇಳುವ ಹಾಗೆ ಹೇಳಿದಳು.

‘ಬಂತು.’